ಬೆಂಡ್ ಪೈಪಿನ ಜ್ವರ

ಚಿಕ್ಕಪ್ಪ ಓಡಿಸಿ ನನಗೆ ಬಿಟ್ಟುಕೊಟ್ಟ ಹಳೆಯ ಬುಲೆಟ್ 350ರ ಬೆಂಡ್ ಪೈಪ್ ನೀಲಿಗಟ್ಟಿದಾಗ ನಾನು ಮಾಡಿದ ಮೊದಲ ಕೆಲಸ ಅದನ್ನು ಬದಲಾಯಿಸಿದ್ದು. "ಪ್ಲೇಟಿಂಗ್ ಹೋಗಿದೆ, ಹೊಸದು ಹಾಕ್ಸಿಬಿಡಿ ಸಾರ್" ಎಂದರು ಬಿಡಿಭಾಗಗಳ ಅಂಗಡಿಯವರು. ಹಾಕಿಸಿದೆ. ಇಂಜಿನ್ನಿನ ತಲೆಯಿಂದ ಹೊರಟು, ಬಾಗಿ ಇಳಿದು ಸೈಲೆನ್ಸರಿಗೆ ಸೇರುವ ಆ ಕೊಳವೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಎಂಟೇ ದಿನ. ಬಾಗಿನ ಹೊರಮೈ ನವಿಲಿನ ಕತ್ತಿನಂತೆ ಕಡುನೀಲಿಯಾಯಿತು, ಅದರ ಸುತ್ತ ನೇರಳೆ ಕಟ್ಟಿತು, ಅಂಚಿಗೆ ಜೇನಿನ ಬಣ್ಣ ಹರಡಿತು. ಒಟ್ಟು ಒಂದು ಗೇಣುದ್ದ ಬಣ್ಣ ತಿರುಗಿತ್ತು. ಮತ್ತೆ ಅಂಗಡಿಗೆ ಹೋದರೆ "ಈ ಲಾಟೇ ಹಂಗೆ ಬಂದಿದೆ, ಸ್ವಲ್ಪ ಜಾಸ್ತಿ ಕೊಟ್ಟು ಒಳ್ಳೇದು ತಗೊಳ್ಳಿ" ಎಂಬ ಉತ್ತರ.

ಇನ್ನೊಂದು ಪೈಪಿಗೆ ದುಡ್ಡು ಎಣಿಸುವ ಮೊದಲು ಗೆಳೆಯನೊಬ್ಬ ಮೈಸೂರಿನ ಯಾದವಗಿರಿ ಕಡೆಯ ಒಂದು ತಗಡಿನ ಶೆಡ್ಡಿಗೆ ಕರೆದುಕೊಂಡು ಹೋದ. ಯಾದವಗಿರಿ ಎಂದರೆ ಐಡಿಯಲ್ ಜಾವಾ ಕಾರ್ಖಾನೆ ಇದ್ದ ಜಾಗ. 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಹಾಕುವವರೆಗೆ ಜಾವಾ, ಯೆಜ್ಡಿ ಬೈಕುಗಳು ದೇಶಕ್ಕೆಲ್ಲ ಹೋದದ್ದು ಅಲ್ಲಿಂದ. ಆ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರು ಮುಂದೆ ಊರಿನ ಮೂಲೆ ಮೂಲೆಯಲ್ಲಿ ಗ್ಯಾರೇಜು ಇಟ್ಟರು. ನಾವು ಹೋದದ್ದು ಅಂಥ ಒಬ್ಬ ಯಜಮಾನರ ಹತ್ತಿರ. ಅವರು ಪೈಪಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಕನ್ನಡಕ ಹಣೆಗೇರಿಸಿ, ಬಣ್ಣ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ಎಂದು ಬೆರಳಿನಿಂದ ಅಳೆದರು. ಹಳೆಯ ಪೈಪು ಹೇಗಿತ್ತು ಎಂದು ಕೇಳಿದರು. ಅದೂ ಹೀಗೇ ಇತ್ತು ಎಂದೆ.

"ಪೈಪ್ ಬದಲಾಯಿಸಿದ್ರೆ ಜ್ವರ ಇಳಿಯುತ್ತೇನಪ್ಪಾ? ನೀನು ಥರ್ಮಾಮೀಟರ್ ಬದಲಾಯಿಸಿದ್ದೀಯ ಅಷ್ಟೇ."

ಅವತ್ತು ಅವರು ಕಂಡುಹಿಡಿದ ಕಾರಣಕ್ಕೆ ಆಮೇಲೆ ಬರುತ್ತೇನೆ. ಆ ಒಂದು ಮಾತನ್ನು ಹಿಡಿದು ನಾನು ಕಲಿತದ್ದನ್ನು ಮೊದಲು ಹೇಳಬೇಕು. ಯಾಕೆಂದರೆ ಭಾನುವಾರ ಬೆಳಿಗ್ಗೆ ಯಾವ ಬೀದಿಗೆ ಹೋದರೂ ಒಬ್ಬರಾದರೂ ಪಾಲಿಶ್ ಡಬ್ಬಿ ಹಿಡಿದು ಪೈಪಿನ ನೀಲಿಯನ್ನು ತಿಕ್ಕುತ್ತಿರುತ್ತಾರೆ. ಇಂಜಿನ್ ಬರೆದ ಚೀಟಿಯನ್ನು ಓದದೆ ಅಳಿಸುತ್ತಿದ್ದಾರೆ.

ಈ ಬಣ್ಣ ಹೊರಗಿನಿಂದ ಬಂದು ಅಂಟಿಕೊಂಡದ್ದಲ್ಲ. ಕುಲುಮೆಯ ಮುಂದೆ ಒಮ್ಮೆಯಾದರೂ ನಿಂತವರಿಗೆ ಇದು ಹೊಸದಲ್ಲ. ಕುಡುಗೋಲಿಗೋ ಮಚ್ಚಿಗೋ ಹದ ಹಾಕುವಾಗ ಕಮ್ಮಾರ ಅದನ್ನು ಕಾಯಿಸಿ ನೀರಿಗೆ ಅದ್ದುತ್ತಾನೆ, ಬಾಯಿಯನ್ನು ಉಜ್ಜಿ ಹೊಳಪಿಸುತ್ತಾನೆ, ಮತ್ತೆ ಹದವಾಗಿ ಬಿಸಿ ಏರಗೊಡುತ್ತಾನೆ. ಆಗ ಉಕ್ಕಿನ ಮೇಲೆ ಬಣ್ಣಗಳು ಒಂದರ ಹಿಂದೆ ಒಂದು ತೇಲಿ ಬರುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಬೇಕಾದ ಬಣ್ಣ ಬಂದ ಕ್ಷಣಕ್ಕೆ ಮತ್ತೆ ನೀರಿಗೆ. ಅವನ ಕೈಯಲ್ಲಿ ಯಾವ ಮೀಟರೂ ಇಲ್ಲ, ಬಣ್ಣವೇ ಮೀಟರು. ಸಾಧಾರಣ ಉಕ್ಕಿನಲ್ಲಿ ಹುಲ್ಲುಹಳದಿ ಕಾಣುವುದು ಸುಮಾರು 220 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲಿ, ನೀಲಿ ಸುಮಾರು 300ರಲ್ಲಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇರುವುದರಿಂದ ಅದು ಇನ್ನಷ್ಟು ತಾಳಿಕೊಳ್ಳುತ್ತದೆ. ಹಳದಿಗೇ 300 ದಾಟಬೇಕು, ನೀಲಿಗೆ 500ರ ಮೇಲೆ ಹೋಗಬೇಕು.

ಬಿಸಿಯಾದ ಲೋಹದ ಮೈ ಗಾಳಿಯ ಆಮ್ಲಜನಕದ ಜತೆ ಸೇರಿ ಮೇಲೊಂದು ತೆಳು ಪೊರೆ ಕಟ್ಟುತ್ತದೆ. ಆ ಪೊರೆಗೆ ತನ್ನದೇ ಬಣ್ಣವೇನೂ ಇಲ್ಲ. ಅದರ ಮೇಲ್ಮೈಯಿಂದ ಹಿಂತಿರುಗುವ ಬೆಳಕೂ ತಳದಿಂದ ಹಿಂತಿರುಗುವ ಬೆಳಕೂ ಒಂದಕ್ಕೊಂದು ಕೂಡಿ, ಕಳೆದು, ಕೆಲವು ಬಣ್ಣಗಳನ್ನಷ್ಟೇ ಉಳಿಸುತ್ತವೆ. ಮಳೆ ನಿಂತ ರಸ್ತೆಯ ನೀರಿನ ಮೇಲೆ ಆಯಿಲ್ ಬಿದ್ದಾಗ ಏಳುವ ಕಾಮನಬಿಲ್ಲಿನ ಲೆಕ್ಕವೇ ಇಲ್ಲೂ. ಪೊರೆ ದಪ್ಪವಾದಂತೆ ಹಳದಿಯಿಂದ ನೀಲಿಗೆ ಸರಿಯುತ್ತದೆ. ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಸರ್ ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದ ದಿನಗಳಲ್ಲಿ, 1922ರಲ್ಲಿ, ಹದ ಹಾಕಿದ ಉಕ್ಕಿನ ಈ ಬಣ್ಣಗಳ ಬಗ್ಗೆ 'ನೇಚರ್' ಪತ್ರಿಕೆಗೆ ಬರೆದಿದ್ದರು. ಕಮ್ಮಾರನ ಕಣ್ಣಿಗೆ ಬಿದ್ದದ್ದು ಅವರ ಕಣ್ಣನ್ನೂ ಹಿಡಿದಿತ್ತು ಎಂಬುದು ನನಗೆ ಬಹಳ ಹಿತವಾದ ಸಂಗತಿ.

ಪೈಪನ್ನು ಓದುವವರು ಮರೆಯಬಾರದ್ದು ಇಷ್ಟು: ಈ ಪೊರೆ ಪೈಪು ತಣ್ಣಗಾದ ಮೇಲೂ ಕರಗುವುದಿಲ್ಲ. ಬಾಯಲ್ಲಿಟ್ಟು ತೆಗೆದ ಮೇಲೂ ಜ್ವರದ ಗೆರೆಯನ್ನು ಹಿಡಿದಿಟ್ಟುಕೊಳ್ಳುವ ಪಾದರಸದ ಥರ್ಮಾಮೀಟರಿನಂತೆ ಅದು ಏರಿದ ಗರಿಷ್ಠ ಬಿಸಿಯನ್ನು ಹಿಡಿದಿಟ್ಟಿರುತ್ತದೆ. ಆದರೆ ಸಮಯಕ್ಕೂ ಅದರಲ್ಲಿ ಪಾಲುಂಟು. ಹತ್ತು ವರ್ಷ ನೆಮ್ಮದಿಯಾಗಿ ಓಡಿದ ಗಾಡಿಯ ಪೈಪು ಮೆಲ್ಲಮೆಲ್ಲನೆ ಹಳದಿಯಾಗಿ ಕಂದಿಗೆ ತಿರುಗಿದ್ದರೆ ಅದು ವಯಸ್ಸು. ಎಂಟು ದಿನದಲ್ಲಿ ನೀಲಿಯಾದರೆ ಅದು ಜ್ವರ.

ಹಾಗಾದರೆ ಎಷ್ಟು ಬಣ್ಣ ಸಹಜ? ಒಂದೇ ಪದರದ ಪೈಪಾದರೆ ಇಂಜಿನ್ನಿನ ಬಾಯಿಂದ ಮೊದಲ ಬಾಗಿನವರೆಗೆ, ನಾಲ್ಕಾರು ಬೆರಳು, ಹಳದಿಯೋ ತಿಳಿ ನೀಲಿಯೋ ಬಂದೇ ಬರುತ್ತದೆ. ಬಾಗಿನಲ್ಲಿ ಹೊಗೆ ಗೋಡೆಗೆ ನೇರವಾಗಿ ಬಡಿಯುವುದರಿಂದ ಅಲ್ಲಿ ಹೆಚ್ಚು. ಸ್ಟೇನ್‌ಲೆಸ್ ಪೈಪಿನ ಹೊಸ ಗಾಡಿಯಲ್ಲಿ ಮೊದಲ ನೂರು ಕಿಲೋಮೀಟರಿನೊಳಗೇ ಹೊನ್ನಿನ ಬಣ್ಣ ಏರುತ್ತದೆ. ಅದಕ್ಕೆ ಹೆದರಿ ಷೋರೂಮಿಗೆ ಓಡುವ ಅಗತ್ಯವಿಲ್ಲ. ಕೆಲವು ಗಾಡಿಗಳಲ್ಲಿ ಪೈಪಿನೊಳಗೆ ಇನ್ನೊಂದು ಪೈಪು ಇಟ್ಟು ನಡುವೆ ಗಾಳಿ ಬಿಟ್ಟಿರುತ್ತಾರೆ. ಅಂಥ ಜೋಡಿ ಪದರದ್ದು ವರ್ಷಗಟ್ಟಲೆ ಬೆಳ್ಳಗಿರುತ್ತದೆ. ಹಾಗಾಗಿ ಅದು ನೀಲಿಯಾದರೆ ಒಳಗಿನ ಬಿಸಿ ತೀರಾ ಹೆಚ್ಚಿದೆ ಎಂದೇ ಅರ್ಥ. ಕಪ್ಪು ಬಣ್ಣ ಬಳಿದ ಪೈಪುಗಳು ಈ ಭಾಷೆ ಮಾತಾಡುವುದಿಲ್ಲ. ಅಲ್ಲಿ ಬಣ್ಣ ಬೂದಿಯಂತೆ ಬಿಳಿಚಿ ಹಕ್ಕಳೆ ಏಳುವ ಜಾಗವನ್ನು ನೋಡಬೇಕು.

ಬಣ್ಣ ಬಾಗನ್ನು ದಾಟಿ ಕೆಳಗಿಳಿದಿದ್ದರೆ, ಇದ್ದಕ್ಕಿದ್ದಂತೆ ಬಂದಿದ್ದರೆ, ಜೋಡಿ ಪೈಪಿನಲ್ಲಿ ಒಂದು ಮಾತ್ರ ನೀಲಿಯಾಗಿದ್ದರೆ, ಆಗ ಇಂಜಿನ್ನಿನ ಕಡೆ ತಿರುಗಬೇಕು. ಅದಕ್ಕೂ ಮೊದಲು ಒಂದು ಪ್ರಶ್ನೆಯನ್ನು ಸವಾರ ತನಗೇ ಕೇಳಿಕೊಳ್ಳಬೇಕು. ಗಾಡಿ ನಿಂತಲ್ಲೇ ಎಷ್ಟು ಹೊತ್ತು ಓಡಿದೆ? ಗಾಳಿಯಿಂದ ತಣಿಯುವ ಇಂಜಿನ್ನಿಗೆ ಓಟವೇ ಬೀಸಣಿಗೆ. ಬೆಳಿಗ್ಗೆ ಬಿಸಿಯಾಗಲಿ ಎಂದು ಹತ್ತು ನಿಮಿಷ ಸ್ಟ್ಯಾಂಡಿನಲ್ಲಿ ಬಿಟ್ಟು ಸ್ನಾನಕ್ಕೆ ಹೋಗುವವರಿದ್ದಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ಸಂಜೆ ತೆವಳುವವರಿದ್ದಾರೆ. ಅವರ ಪೈಪಿನ ಬಣ್ಣಕ್ಕೆ ಇಂಜಿನ್ ಬಿಚ್ಚಬೇಕಾಗಿಲ್ಲ.

ಅದಲ್ಲವಾದರೆ ಮೊದಲ ಅನುಮಾನ ಪೆಟ್ರೋಲಿನ ಮೇಲೆ. "ಪೆಟ್ರೋಲ್ ಕಮ್ಮಿ ಹೋಗ್ತಿದೆ" ಎನ್ನುತ್ತಾರಲ್ಲ, ಅದು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಕಾರ್ಬೊರೇಟರಿನ ಗಾಡಿಗಳನ್ನು ಇದಕ್ಕಿಂತ ಒಂದಿಷ್ಟು ಪೆಟ್ರೋಲು ಹೆಚ್ಚಿಟ್ಟೇ ಹೊಂದಿಸುತ್ತಾರೆ. ಆ ಹೆಚ್ಚಿನ ಪೆಟ್ರೋಲು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರಿ ಇಂಜಿನ್ನನ್ನು ತಂಪಿಡುತ್ತದೆ. ಪೆಟ್ರೋಲು ಕಡಿಮೆಯಾದರೆ ಆ ತಂಪು ಹೋಯಿತು. ಇನ್ನೂ ಕಡಿಮೆಯಾದರೆ ಬೆಂಕಿ ನಿಧಾನವಾಗಿ ಹರಡುತ್ತದೆ, ಎಕ್ಸಾಸ್ಟ್ ವಾಲ್ವು ತೆರೆಯುವ ಹೊತ್ತಿಗೂ ಉರಿಯುತ್ತಲೇ ಇರುತ್ತದೆ, ಆ ಉರಿ ಪೈಪಿಗೆ ಇಳಿಯುತ್ತದೆ.

ಕಡಿಮೆಯಾಗುವ ದಾರಿಗಳು ಹಲವು. ಮೇನ್ ಜೆಟ್ಟಿನಲ್ಲಿ ಕಸ, ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿರುವುದು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು, ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುವುದು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗಾಡಿ ನಿಧಾನವಾಗಿ ಓಡುತ್ತಿರುವಾಗ ಆ ರಬ್ಬರಿನ ಸುತ್ತ ಕಾರ್ಬೊರೇಟರ್ ಕ್ಲೀನರನ್ನು ಚೂರು ಚೂರೇ ಸಿಂಪಡಿಸಿ. ಇಂಜಿನ್ನಿನ ಸದ್ದು ಬದಲಾದರೆ ಬಿರುಕು ಅಲ್ಲೇ ಇದೆ. ಬಿಸಿ ಪೈಪಿಗೆ ತಾಕದಂತೆ ಮಾತ್ರ ಎಚ್ಚರವಿರಲಿ, ಅದು ಹತ್ತಿಕೊಳ್ಳುವ ವಸ್ತು.

ಈಚಿನ ವರ್ಷಗಳಲ್ಲಿ ಇನ್ನೊಂದು ಕಾರಣ ಸೇರಿದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಈಗ ಬಂಕುಗಳಲ್ಲಿ ಸಿಗುವುದು ಬಹುಪಾಲು ಅದೇ. ಎಥನಾಲಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆಮ್ಲಜನಕವೇ ಇರುವುದರಿಂದ ಅದಕ್ಕೆ ಗಾಳಿ ಕಡಿಮೆ ಸಾಕು. ಈ ಮಿಶ್ರಣಕ್ಕೆ ಕಿಲೋಗೆ ಸುಮಾರು ಹದಿಮೂರೂವರೆ ಕಿಲೋ ಗಾಳಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಪೈಪಿಗೇ ಕೂರಿಸಿದ ಆಮ್ಲಜನಕದ ಸೆನ್ಸರ್ ಇದನ್ನು ಮೂಸಿ ನೋಡಿ ಪೆಟ್ರೋಲನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಹಳೆಯ ಕಾರ್ಬೊರೇಟರಿಗೆ ಮೂಗಿಲ್ಲ. ಅದು ಹಿಂದೆ ಎಷ್ಟು ಸುರಿಯುತ್ತಿತ್ತೋ ಈಗಲೂ ಅಷ್ಟೇ ಸುರಿಯುತ್ತದೆ, ಇಂಜಿನ್ನಿಗೆ ಅದು ಸಾಲದು. ಮೊದಲೇ ಅಂಚಿನಲ್ಲಿದ್ದ ಗಾಡಿಯಾದರೆ ಪೈಪಿನ ಬಣ್ಣ ಅದನ್ನು ಹೇಳುತ್ತದೆ. ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ, ಪ್ಲಗ್ ನೋಡುತ್ತಾ ಹೊಂದಿಸಿದರೆ ಸರಿಹೋಗುತ್ತದೆ. ಜೆಟ್ಟು ದುಬಾರಿಯ ವಸ್ತುವಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೆಯ ಗಾಡಿಗೂ ಸಿಗುತ್ತದೆ. ಹಳೆಯ ಗಾಡಿ ಇಟ್ಟುಕೊಂಡವರು ಇದನ್ನು ಮುಂದಕ್ಕೆ ಹಾಕಬಾರದು. ಸುಟ್ಟ ವಾಲ್ವಿನ ಖರ್ಚಿನ ಮುಂದೆ ಜೆಟ್ಟಿನ ಬೆಲೆ ಏನೂ ಅಲ್ಲ.

ಘಟ್ಟದವರಿಗೆ ಒಂದು ವಿಶೇಷ ಮಾತು. ಸಾವಿರ ಮೀಟರಿಗೂ ಎತ್ತರದ ಮಡಿಕೇರಿಯ ತೆಳು ಗಾಳಿಯಲ್ಲಿ ಹೊಂದಿಸಿದ ಕಾರ್ಬೊರೇಟರು ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಬಂದರೆ ಅಲ್ಲಿನ ದಟ್ಟ ಗಾಳಿಗೆ ಅದರ ಪೆಟ್ರೋಲು ಸಾಲುವುದಿಲ್ಲ. ಮಡಿಕೇರಿಯಲ್ಲಿ ಬೆಳ್ಳಗಿದ್ದ ಪೈಪು ಕರಾವಳಿಯಲ್ಲಿ ಬಣ್ಣ ತಿರುಗಿದರೆ ಆಶ್ಚರ್ಯವಿಲ್ಲ. ಸದ್ದಿಗಾಗಿ ಬುಲೆಟ್ಟಿಗೆ 'ಪಂಜಾಬಿ', 'ಶಾರ್ಟ್ ಬಾಟಲ್' ಎಂಬ ಬಾಯ್ದೆರೆದ ಸೈಲೆನ್ಸರು ಹಾಕಿಸುವವರಿಗೂ ಇದೇ ಗತಿ: ಹೊಗೆ ಸಲೀಸಾಗಿ ಹೋದಷ್ಟೂ ಗಾಳಿ ಹೆಚ್ಚು ಒಳಬರುತ್ತದೆ, ಜೆಟ್ಟು ಮಾತ್ರ ಹಳೆಯದೇ. ಕಾನೂನಿಗೂ ಅದು ಒಪ್ಪಿಗೆಯಿಲ್ಲ, ನೆರೆಮನೆಯ ಹಸುಗೂಸಿಗೂ ಒಪ್ಪಿಗೆಯಿಲ್ಲ.

ಈಗ ನನ್ನ ಬುಲೆಟ್ಟಿನ ವಿಷಯ. ಯಜಮಾನರು ಪ್ಲಗ್ ಬಿಚ್ಚಿ ನೋಡಿದರು. ಕಾಫಿಯಲ್ಲಿ ಹಾಲು ಹೆಚ್ಚಾದ ಬಣ್ಣ, ಅಂದರೆ ಪೆಟ್ರೋಲು ಸರಿಯಾಗಿದೆ. ಪೆಟ್ರೋಲು ಕಡಿಮೆಯಾಗಿದ್ದರೆ ಅದು ಸುಣ್ಣದಂತೆ ಬಿಳಿಯಾಗಿರಬೇಕಿತ್ತು. "ಕಿಕ್ ಹೊಡೆಯೋಕೆ ಹಗುರ ಆಗಿದ್ಯಾ?" ಎಂದರು. ಹೌದು, ಈಚೆಗೆ ಹಿಂದಕ್ಕೆ ಒದೆಯುತ್ತಲೇ ಇರಲಿಲ್ಲ, ಅದನ್ನು ನಾನು ಸುಖ ಎಂದುಕೊಂಡಿದ್ದೆ. "ಏರಲ್ಲಿ ಎಳೆಯಲ್ಲ, ಅಲ್ವಾ?" ಚಾಮುಂಡಿ ಬೆಟ್ಟಕ್ಕೆ ಮೂರನೇ ಗೇರಿನಲ್ಲಿ ಏರುತ್ತಿದ್ದದ್ದು ಎರಡಕ್ಕೆ ಇಳಿದಿತ್ತು. ಪೈಪನ್ನೇ ನೋಡುತ್ತಾ ಕುಳಿತ ನನಗೆ ಇವೆರಡೂ ಅದಕ್ಕೆ ಸಂಬಂಧಿಸಿದವು ಎಂದು ಹೊಳೆದೇ ಇರಲಿಲ್ಲ.

ಅವರು ಪಾಯಿಂಟಿನ ಮುಚ್ಚಳ ತೆಗೆದರು. ಹಳೆಯ ಬುಲೆಟ್ಟಿನಲ್ಲಿ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂದು ತೀರ್ಮಾನಿಸುವುದು ಈ ಪಾಯಿಂಟುಗಳು. ಅವು ತೆರೆದಾಗ ಕಿಡಿ. ತೆರೆಯುವುದು, ತಿರುಗುವ ಕ್ಯಾಮಿನ ಮೇಲೆ ಒರಗಿ ಜಾರುವ ಒಂದು ಪುಟ್ಟ ಫೈಬರ್ ಹಿಮ್ಮಡಿಯಿಂದ. ಆ ಹಿಮ್ಮಡಿಗೆ ಕಾಳಿನಷ್ಟು ಗ್ರೀಸ್ ಬೇಕು. ನನ್ನದರಲ್ಲಿ ಗ್ರೀಸ್ ಒಣಗಿ ಧೂಳಾಗಿತ್ತು, ಹಿಮ್ಮಡಿ ಸವೆದಿತ್ತು. ಪಾಯಿಂಟುಗಳ ನಡುವೆ 0.35ರಿಂದ 0.40 ಮಿಲಿಮೀಟರ್ ಸಂದು ಇರಬೇಕು. ಯಜಮಾನರ ಫೀಲರ್ ಗೇಜಿನ ಅತಿ ತೆಳುವಾದ ಎಲೆಗಳಲ್ಲೊಂದು ಮಾತ್ರ ಹೇಗೋ ನುಸುಳಿತು.

ಸಂದು ಕಿರಿದಾದರೆ ಪಾಯಿಂಟು ತೆರೆಯುವುದು ತಡ, ಕಿಡಿಯೂ ತಡ. ಪಿಸ್ಟನ್ ಮೇಲಕ್ಕೆ ಮುಟ್ಟುವ ಸ್ವಲ್ಪ ಮೊದಲೇ ಬೆಂಕಿ ಹತ್ತಬೇಕು. ಆಗಲೇ ಅದು ಕೆಳಗಿಳಿಯುವ ಪಿಸ್ಟನ್ನನ್ನು ಪೂರ್ತಿ ಬಲದಿಂದ ತಳ್ಳಲು ಸಾಧ್ಯ. ತಡವಾಗಿ ಹತ್ತಿದ ಬೆಂಕಿ ತಳ್ಳುವ ಕೆಲಸ ಅರ್ಧಕ್ಕೆ ಬಿಟ್ಟು, ವಾಲ್ವು ತೆರೆದ ಕೂಡಲೇ ಪೈಪಿಗೆ ನುಗ್ಗುತ್ತದೆ. ಚಕ್ರಕ್ಕೆ ಹೋಗಬೇಕಾದ ಶಕ್ತಿ ಪೈಪನ್ನು ಸುಡುತ್ತದೆ. ಕಿಕ್ ಹಗುರವಾದದ್ದೂ, ಬೆಟ್ಟ ಭಾರವಾದದ್ದೂ, ಪೈಪು ನೀಲಿಯಾದದ್ದೂ ಒಂದೇ ಕಾರಣಕ್ಕೆ. ಇದು ರಾತ್ರೋರಾತ್ರಿ ಆಗುವುದಿಲ್ಲ. ಹಿಮ್ಮಡಿ ದಿನಕ್ಕೊಂದು ಕೂದಲೆಳೆ ಸವೆಯುತ್ತದೆ, ನಾವು ದಿನಕ್ಕೊಂದು ಕೂದಲೆಳೆ ಒಗ್ಗಿಕೊಳ್ಳುತ್ತೇವೆ. ಬೇರೆ ಯಾರ ತಪ್ಪೂ ಇಲ್ಲ, ಗ್ರೀಸ್ ಹಾಕದ ನನ್ನ ತಪ್ಪು.

ಇದರ ಮಗ್ಗುಲಿಗೇ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಕಿಡಿ ತೀರಾ ಬೇಗ ಹಾರಿದರೆ ಪೈಪು ಅಷ್ಟು ಬಣ್ಣ ತಿರುಗುವುದಿಲ್ಲ. ಬಿಸಿಯೆಲ್ಲ ಇಂಜಿನ್ನಿನ ತಲೆಯಲ್ಲೇ ಉಳಿದು, ಏರಿನಲ್ಲಿ ಕಟಕಟ ಸದ್ದು ಕೇಳಿಸುತ್ತದೆ, ಕಿಕ್ ಕಾಲಿಗೆ ಒದೆಯುತ್ತದೆ, ಕೊನೆಗೆ ಪಿಸ್ಟನ್ನಿಗೇ ಕುತ್ತು. ಪೈಪು ಬೆಳ್ಳಗಿದೆ ಎಂದು ನಿಶ್ಚಿಂತೆಯಾಗಿರುವ ಹಾಗಿಲ್ಲ.

ಟ್ಯಾಪೆಟ್ಟನ್ನೂ ಅವತ್ತು ನೋಡಿದರು. ಎಕ್ಸಾಸ್ಟ್ ಟ್ಯಾಪೆಟ್ ಬಿಗಿಯಾಗಿದ್ದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಉರಿಯುವ ಹೊಗೆ ಸಂದಿನಿಂದ ಪೈಪಿಗೆ ಸೋರುತ್ತಲೇ ಇರುತ್ತದೆ. ಪೈಪು ಮಾತ್ರವಲ್ಲ, ವಾಲ್ವಿನ ಅಂಚೂ ಸುಟ್ಟು ಕರಗುತ್ತದೆ. ಹಳೆಯ ಬುಲೆಟ್ಟಿನಲ್ಲಿ ಇಂಜಿನ್ ತಣ್ಣಗಿರುವಾಗ ಪುಷ್‌ರಾಡ್ ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ನನ್ನದು ತಿರುಗಿತು.

ಜೋಡಿ ಪೈಪಿನ ಗಾಡಿಗಳ ಓದು ಇನ್ನೂ ಸೊಗಸು, ಅದನ್ನು ಕಲಿಸಿದ್ದು ಆ ಶೆಡ್ಡಿನಲ್ಲಿ ನಿಂತಿದ್ದ ಒಂದು ಯೆಜ್ಡಿ ರೋಡ್‌ಕಿಂಗ್. ಅದಕ್ಕೆ ಬರುವ ಮೊದಲು ಎರಡು ಸಿಲಿಂಡರಿನ ಗಾಡಿ ನೋಡೋಣ. ರಾಜ್‌ದೂತ್ 350ರಲ್ಲಿ, ಅಂದರೆ 1980ರ ದಶಕದ ಆರ್‌ಡಿಯಲ್ಲಿ, ಎರಡು ಸಿಲಿಂಡರು, ಎರಡು ಕಾರ್ಬೊರೇಟರು, ಎರಡು ಪೈಪು. ಒಂದು ಪೈಪು ನೀಲಿಯಾಗಿ ಇನ್ನೊಂದು ಬೆಳ್ಳಗಿದ್ದರೆ ನೀಲಿ ಪಕ್ಕದ ಜೆಟ್ಟು, ರಬ್ಬರು, ಕ್ರ್ಯಾಂಕಿನ ಸೀಲು ನೋಡಬೇಕು. ಇಲ್ಲವೇ ಬೆಳ್ಳಗಿರುವ ಪಕ್ಕದ ಪ್ಲಗ್ಗೇ ಸರಿಯಾಗಿ ಹೊಡೆಯುತ್ತಿಲ್ಲ. ಇದಕ್ಕೆ ಹಳಬರು ನೀರಿನ ಹನಿ ಬಳಸುತ್ತಿದ್ದರು. ತಣ್ಣನೆಯ ಗಾಡಿ ಸ್ಟಾರ್ಟ್ ಮಾಡಿ ಅರೆ ನಿಮಿಷಕ್ಕೆ ಎರಡೂ ಪೈಪಿಗೆ ಹನಿ ಚಿಮುಕಿಸಿದರೆ ಯಾವ ಪಕ್ಕ ಚುಂಯ್ ಎನ್ನುವುದಿಲ್ಲವೋ ಆ ಸಿಲಿಂಡರ್ ಮಲಗಿದೆ.

ಆದರೆ ಜಾವಾ 250, ಯೆಜ್ಡಿ 250, ರೋಡ್‌ಕಿಂಗ್‌ಗಳಲ್ಲಿ ಸಿಲಿಂಡರು ಒಂದೇ, ಅದಕ್ಕೆ ಪೈಪು ಎರಡು. ಒಂದೇ ಒಲೆಯ ಹೊಗೆ ಎರಡು ದಾರಿಯಲ್ಲಿ ಹೊರಡುತ್ತದೆ. ಹಾಗಾಗಿ ಅಲ್ಲಿ ಒಂದು ಪೈಪು ಮಾತ್ರ ಬಣ್ಣ ತಿರುಗಿದರೆ ಕಾರ್ಬೊರೇಟರನ್ನೋ ಪಾಯಿಂಟನ್ನೋ ಬೈಯುವುದು ತಪ್ಪು. ಅವು ಕೆಟ್ಟರೆ ಎರಡೂ ಪೈಪಿಗೆ ಸಮಪಾಲು. ವ್ಯತ್ಯಾಸ ದಾರಿಯಲ್ಲೇ ಇದೆ. ಬಹುತೇಕ ಸಲ ಬೆಳ್ಳಗಿರುವ ಪಕ್ಕದ ಸೈಲೆನ್ಸರಿನಲ್ಲಿ ಮಸಿ ಕಟ್ಟಿ, ಹೊಗೆಯೆಲ್ಲ ಇನ್ನೊಂದು ಪಕ್ಕ ನುಗ್ಗುತ್ತಿರುತ್ತದೆ. ನೀಲಿ ಪೈಪು ಆರೋಗ್ಯವಾಗಿದೆ, ಬೆಳ್ಳಗಿರುವುದಕ್ಕೇ ಕಾಯಿಲೆ! ಎರಡು ಸೈಲೆನ್ಸರಿನ ಬಾಯಿಗೂ ಅಂಗೈ ಹಿಡಿದು ನೋಡಿದರೆ ಉಸಿರಿನ ಬಲ ಬೇರೆ ಬೇರೆ ಎಂದು ತಿಳಿಯುತ್ತದೆ. ಒಳಗಿನ ಬ್ಯಾಫಲ್ ಎಳೆದು ಮಸಿ ಕೆರೆದರೆ ಮುಗಿಯಿತು.

ಎರಡೂ ಪೈಪು ಒಟ್ಟಿಗೆ ನೀಲಿಯಾದರೆ ಯೆಜ್ಡಿಯಲ್ಲಿ ಕ್ರ್ಯಾಂಕಿನ ಆಯಿಲ್ ಸೀಲುಗಳನ್ನು ಮರೆಯಬಾರದು. ಬಲಗಡೆಯ ಸೀಲು ಹೋದರೆ ಇಂಜಿನ್ ಅಲ್ಲಿಂದ ಬರೀ ಗಾಳಿ ಎಳೆಯುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಕಿರುಚುತ್ತದೆ, ಬಿಸಿಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎಡಗಡೆ ಕ್ಲಚ್ ಪಕ್ಕದ ಸೀಲು ಹೋದರೆ ಗೇರ್ ಆಯಿಲ್ಲೇ ಒಳಬಂದು ಉರಿದು ಬಿಳಿಹೊಗೆ ರಸ್ತೆ ತುಂಬುತ್ತದೆ. ಇಂಥ ಟೂ-ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿನ ಜತೆಗೇ ಎಣ್ಣೆ ಬರುವುದರಿಂದ ಪೆಟ್ರೋಲು ಕಡಿಮೆಯಾಯಿತೆಂದರೆ ಎಣ್ಣೆಯೂ ಕಡಿಮೆ. ಅಲ್ಲಿ ನೀಲಿ ಪೈಪನ್ನು ಒಂದು ದಿನವೂ ಅಲಕ್ಷ್ಯ ಮಾಡುವ ಹಾಗಿಲ್ಲ.

ಬಿಸಿಗೆ ಸಂಬಂಧಿಸದ ಬಣ್ಣಗಳೂ ಇವೆ. ಪೈಪು ಇಂಜಿನ್ನಿಗೆ ಸೇರುವ ಕಡೆ ಕಪ್ಪು ಗೆರೆ ಹಾದಿದ್ದರೆ ಅಲ್ಲಿನ ಗ್ಯಾಸ್ಕೆಟ್ ಸೋರುತ್ತಿದೆ. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿಯುವುದೂ ಅದಕ್ಕೇ. ಸೈಲೆನ್ಸರಿನ ಬಾಯಲ್ಲಿ ಒಣ ಮಸಿ ದಪ್ಪಗಿದ್ದರೆ ಪೆಟ್ರೋಲು ಹೆಚ್ಚು, ಬೆರಳಿಗೆ ಜಿಡ್ಡಾಗಿ ಅಂಟಿದರೆ ಫೋರ್-ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಉರಿಯುತ್ತಿದೆ. ಅಲ್ಲಲ್ಲಿ ಕಂದು ಮಚ್ಚೆಗಳಿದ್ದರೆ ಅವು ಬೂಟಿನ ಅಟ್ಟೆಯೋ, ಪ್ಲಾಸ್ಟಿಕ್ ಚೀಲವೋ, ಕೆಸರೋ ಸುಟ್ಟು ಅಂಟಿದ್ದು. ಹೊಸ ಪೈಪು ಹಾಕುವಾಗ ಮುಟ್ಟಿದ ಬೆರಳಿನ ಜಿಡ್ಡೂ ಬೆರಳಚ್ಚಾಗಿ ಸುಟ್ಟು ಉಳಿಯುತ್ತದೆ. ಹಾಗಾಗಿ ಮೊದಲ ಬಾರಿ ಸ್ಟಾರ್ಟ್ ಮಾಡುವ ಮುನ್ನ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಅದು ಪೂರ್ತಿ ಆರಿದ ಮೇಲೆ ಕಿಕ್ ಹೊಡೆಯಬೇಕು.

ತುಕ್ಕಿನ ಕಥೆ ಬೇರೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಪೈಪಿಗೆ ಬರುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಗಾಡಿ ಚೆನ್ನಾಗಿ ಬಿಸಿಯಾದರೆ ಅದು ಹೊರಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಅಷ್ಟೇ ಓಡುವ ಗಾಡಿಯಲ್ಲಿ ಆ ನೀರು ಸೈಲೆನ್ಸರಿನ ಹೊಟ್ಟೆಯಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ. ಸೈಲೆನ್ಸರಿನ ಅಡಿಯಲ್ಲಿ ಒಂದು ಸಣ್ಣ ತೂತಿದ್ದರೆ ಅದು ನೀರು ಬಸಿಯಲೆಂದೇ ಇಟ್ಟದ್ದು. ಎಂ-ಸೀಲ್ ಹಾಕಿ ಮುಚ್ಚುವವರನ್ನು ಕಂಡಿದ್ದೇನೆ, ದಯವಿಟ್ಟು ಮುಚ್ಚಬೇಡಿ. ಕಾರವಾರ, ಮಂಗಳೂರಿನ ಕಡೆ ಉಪ್ಪುಗಾಳಿ ಹೊರಗಿನಿಂದ ಅದೇ ಕೆಲಸ ಮಾಡುತ್ತದೆ. ಪೈಪಿಗೆ ಶಾಖದ ಪಟ್ಟಿ ಸುತ್ತಿ ನೀಲಿಯನ್ನು ಮರೆಮಾಡುವುದು ಇನ್ನೂ ಕೆಟ್ಟದ್ದು. ಪಟ್ಟಿ ನೀರು ಹಿಡಿದುಕೊಂಡು ಕೊಳೆಸುತ್ತದೆ, ಓದಬೇಕಾದ ಅಕ್ಷರವೂ ಮುಚ್ಚಿಹೋಗುತ್ತದೆ.

ಹೊಸ ಗಾಡಿಗಳಲ್ಲಿ ಒಂದು ಗುರುತನ್ನು ವಿಶೇಷವಾಗಿ ಗಮನಿಸಿ. ಇಂಜಿನ್ನಿನ ಹತ್ತಿರ ಎಲ್ಲ ಸರಿಯಿದ್ದು, ದೂರದಲ್ಲಿ, ಕ್ಯಾಟಲಿಟಿಕ್ ಕನ್ವರ್ಟರ್ ಕುಳಿತಿರುವ ಜಾಗದಲ್ಲಿ ಇದ್ದಕ್ಕಿದ್ದಂತೆ ಬಣ್ಣ ಬಂದರೆ, ಉರಿಯದ ಪೆಟ್ರೋಲು ಅಲ್ಲಿಗೆ ಹೋಗಿ ಉರಿಯುತ್ತಿದೆ. ಪ್ಲಗ್ಗೋ ಕಾಯಿಲ್ಲೋ ಕೈಕೊಡುತ್ತಿದೆ. ತಡಮಾಡಿದರೆ ಒಳಗಿನ ಜೇನುಗೂಡಿನಂಥ ರಚನೆ ಕರಗುತ್ತದೆ, ಅದರ ಬೆಲೆ ಕೇಳಿದರೆ ಎದೆ ಒಡೆಯುತ್ತದೆ.

ಈಗ ಗನ್ನಿನಂಥ ಇನ್ಫ್ರಾರೆಡ್ ಥರ್ಮಾಮೀಟರು ಎಲ್ಲರ ಕೈಗೂ ಬಂದಿದೆ. ಒಳ್ಳೆಯದೇ. ಆದರೆ ಹೊಳೆಯುವ ಕ್ರೋಮಿಗೆ ಅದನ್ನು ನೇರ ಹಿಡಿದರೆ ಸುಳ್ಳು ಹೇಳುತ್ತದೆ, ನಿಜಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದೆ. ಕನ್ನಡಿಯಂಥ ಮೈ ತನ್ನ ಶಾಖವನ್ನು ಸುಲಭಕ್ಕೆ ಹೊರಸೂಸುವುದಿಲ್ಲ. ಬಿಸಿ ತಾಳುವ ಕಪ್ಪು ಬಣ್ಣದ ಒಂದು ಬೊಟ್ಟು ಇಟ್ಟು ಅದರ ಮೇಲೆ ಗುರಿ ಹಿಡಿಯಬೇಕು.

ಕಾರಣ ಸಿಕ್ಕು ಸರಿಮಾಡಿದ ಮೇಲಷ್ಟೇ ತಿಕ್ಕುವ ಮಾತು. ಕ್ರೋಮಿನ ಮೇಲಿನ ನೀಲಿ ಮೆದು ಲೋಹದ ಪಾಲಿಶಿಗೆ, ಮೆದು ಬಟ್ಟೆಗೆ ಹೋಗುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರು ಬೇಡ. ನಾವು ಕಾಣುವ ಕ್ರೋಮಿನ ಪದರ ಒಂದು ಮೈಕ್ರಾನ್ ದಪ್ಪವೂ ಇರುವುದಿಲ್ಲ, ಅದರ ಕೆಳಗಿನ ನಿಕಲ್ಲೇ ದಪ್ಪ. ವಾರವಾರ ತಿಕ್ಕಿದರೆ ಕ್ರೋಮು ಸವೆದು ನಿಕಲ್ಲಿನ ಹಳದಿ ಛಾಯೆ ಮೇಲೇಳುತ್ತದೆ, ಅಲ್ಲಿಂದ ತುಕ್ಕಿಗೆ ಹೆಚ್ಚು ದೂರವಿಲ್ಲ. ಮತ್ತೆ ಕ್ರೋಮು ಹಾಕಿಸಬಹುದಲ್ಲ ಎನ್ನುವವರು ಒಂದು ವಿಷಯ ನೆನಪಿಡಬೇಕು. ಲೇಪನಕ್ಕೆ ಬಳಸುವ ಕ್ರೋಮಿಯಂ ದ್ರಾವಣ ಕಡು ವಿಷ. ಬೆಂಗಳೂರಿನ ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದನ್ನು ಸರ್ಕಾರದ್ದೇ ಅಧ್ಯಯನಗಳು ದಾಖಲಿಸಿವೆ. ಇಂಜಿನ್ನಿನ ಜ್ವರ ನೋಡದೆ ನಾವು ಎರಡೆರಡು ಬಾರಿ ಪೈಪು ಬದಲಾಯಿಸಿದರೆ, ಮತ್ತೆ ಮತ್ತೆ ಲೇಪನ ಮಾಡಿಸಿದರೆ, ಅದರ ಬೆಲೆ ಯಾರದೋ ಕೊಳವೆಬಾವಿ ತೆರುತ್ತದೆ. ನಾನು ಎಸೆದ ಆ ಮೊದಲ ಪೈಪು ಚೆನ್ನಾಗಿಯೇ ಇತ್ತು ಎಂಬುದು ಈಗಲೂ ನನ್ನನ್ನು ಚುಚ್ಚುತ್ತದೆ.

ಯಜಮಾನರು ಅವತ್ತು ಹೊಸ ಪಾಯಿಂಟು ಹಾಕಿ, ಸಂದು ಇಟ್ಟು, ಗ್ರೀಸ್ ಸವರಿ, ಟೈಮಿಂಗ್ ಹೊಂದಿಸಿದರು. ಪೈಪನ್ನು ಪೂರ್ತಿ ತಿಕ್ಕಲು ಬಿಡಲಿಲ್ಲ. ಬಾಗಿನ ಕೆಳಗೆ, ನೀಲಿಯ ನಡುವೆ, ಒಂದು ಬೆರಳಗಲದ ಪಟ್ಟಿಯನ್ನು ಮಾತ್ರ ಪಾಲಿಶ್ ಹಾಕಿ ಬೆಳ್ಳಗೆ ಮಾಡಿ, "ಐನೂರು ಕಿಲೋಮೀಟರ್ ಓಡಿಸು. ಈ ಪಟ್ಟಿ ಮತ್ತೆ ನೀಲಿಯಾದ್ರೆ ನಾನು ಸೋತೆ ಅಂತ, ಗಾಡಿ ತಗೊಂಡು ಬಾ" ಎಂದರು.

ನಿಮ್ಮ ಗಾಡಿಯ ಪೈಪು ಬಣ್ಣ ತಿರುಗಿದ್ದರೆ ಈ ಒಂದು ಕೆಲಸವನ್ನಾದರೂ ಮಾಡಿ. ಹಗಲು ಬೆಳಕಿನಲ್ಲಿ ಒಂದು ಫೋಟೊ ತೆಗೆದಿಡಿ, ಬೆರಳಗಲದಷ್ಟು ಮಾತ್ರ ತಿಕ್ಕಿ, ಓಡಿಸಿ, ನೋಡಿ. ನನ್ನ ಬುಲೆಟ್ಟಿನ ಆ ಪಟ್ಟಿಗೆ ಐನೂರು ಕಿಲೋಮೀಟರಿಗೆ ತೆಳುವಾದ ಜೇನುಬಣ್ಣ ಬಂತು, ಅಲ್ಲಿಗೇ ನಿಂತಿತು. ಅದರ ಮೇಲೂ ಕೆಳಗೂ ಹಳೆಯ ನೀಲಿ ಹಾಗೇ ಇದೆ.